ರಾತ್ರಿ ಊಟದ ನಂತರ

ಗೋಪೀನಾಥರಾಯರು ಮೂವತ್ತಾರು ವರ್ಷ ಕಾಲುವೆ ಕಚೇರಿಯಲ್ಲಿ ನೌಕರಿ ಮಾಡಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಯಾವ ತೂಬನ್ನು ಎಷ್ಟು ಎತ್ತಬೇಕೆಂದು ಆದೇಶದಲ್ಲಿದೆಯೋ ಅಷ್ಟೇ. ರೈತರು ಬಾಗಿಲಲ್ಲಿ ಕೂತು ಅತ್ತರೂ ಒಂದು ಅಂಗುಲ ಹೆಚ್ಚಿಲ್ಲ, ದೊಡ್ಡವರು ಫೋನ್ ಮಾಡಿ ಗದರಿದರೂ ಒಂದು ಅಂಗುಲ ಕಡಿಮೆಯಿಲ್ಲ. "ಬರದದ್ದು ಬರದಂಗ" ಎನ್ನುವುದು ಅವರ ಮಾತು. ಹೊಸಪೇಟೆಯ ಅವರ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೂ ಅವರ ಕೈಬರಹದ ಚೀಟಿ ಅಂಟಿರುತ್ತಿತ್ತು. ಇಂಥ ಮನುಷ್ಯನ ಕೈಗೆ ಡಾಕ್ಟರು ಒಂದು ಚೀಟಿ ಕೊಟ್ಟರೆ ಅದರಲ್ಲಿ ಇದ್ದಂತೆ ನಡೆಯುತ್ತದೆ. ಈ ಮನೆಯಲ್ಲಿ ಆಗಿದ್ದೂ ಅದೇ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಪೇಪರ್ ಓದುತ್ತಿದ್ದವರ ಬಾಯಿ ಒಂದು ಕಡೆ ಸೊಟ್ಟಗಾಯಿತು. ಅರ್ಧ ಗಂಟೆಯಲ್ಲಿ ತಾನಾಗಿಯೇ ಸರಿಹೋಯಿತು. ಸರಿಹೋಯಿತಲ್ಲ ಎಂದು ರಾಯರು ಮತ್ತೆ ಪೇಪರಿಗೆ ಕೈ ಹಾಕಿದರು. ಸೊಸೆ ಶ್ರೀಲಕ್ಷ್ಮೀ ಬಿಡಲಿಲ್ಲ, ಆಟೋ ಕರೆಸಿ ಡಾಕ್ಟರ್ ಭಾರ್ಗವ್ ಹತ್ತಿರ ಕರೆದುಕೊಂಡು ಹೋದಳು.

"ಇದು ಎಚ್ಚರಿಕಿ ಕೊಟ್ಟು ಹೋಗ್ಯದ ರಾಯರ," ಎಂದರು ಡಾಕ್ಟರು. "ಕೆಟ್ಟ ಕೊಲೆಸ್ಟ್ರಾಲು ನೂರಾ ತೊಂಬತ್ತು ಅದ. ಕುತ್ತಿಗಿ ರಕ್ತನಾಳದಾಗ ಕೊಬ್ಬು ಕಟ್ಕೊಂಡದ. ಅದು ಕಿತ್ಕೊಂಡು ಮೆದುಳಿಗೆ ಹೋದ್ರ ಮುಂದಿನ ಸಲ ಅರ್ಧ ಗಂಟೆದಾಗ ಸರಿಯಾಗಂಗಿಲ್ಲ."

ಎರಡು ಗುಳಿಗೆ ಬರೆದರು. ರಕ್ತ ಹೆಪ್ಪುಗಟ್ಟದಂತೆ ಮಧ್ಯಾಹ್ನ ಊಟದ ನಂತರ ಒಂದು. ಕೊಲೆಸ್ಟ್ರಾಲಿಗೆ ರಾತ್ರಿ ಊಟದ ನಂತರ ಒಂದು, ಸ್ಟ್ಯಾಟಿನ್ ಜಾತಿಯದು.

"ರಾತ್ರಿದು ಶುರು ಮಾಡಿದಾಗ ಕೆಲವರಿಗೆ ಮೈಕೈ ನೋವು ಬರ್ತದ. ಭಾಳ ಆದ್ರ, ಮೂತ್ರ ಕಂದುಬಣ್ಣಕ್ಕ ತಿರುಗಿದ್ರ ಕೂಡ್ಲೆ ಬರ್ರಿ. ಮೂರು ತಿಂಗಳಿಗೆ ರಕ್ತ ಪರೀಕ್ಷಾ ಮಾಡೋಣ. ಆದ್ರ ನೀವಾಗೇ ಮಾತ್ರ ಬಿಡಬ್ಯಾಡ್ರಿ."

"ನಾ ಬಿಡೋ ಪೈಕಿ ಅಲ್ರಿ," ಎಂದರು ರಾಯರು, ತುಸು ಹೆಮ್ಮೆಯಿಂದಲೇ.

ಮನೆಗೆ ಬಂದು ಆ ಎರಡು ಸಾಲನ್ನು ದುಂಡಗಿನ ಅಕ್ಷರದಲ್ಲಿ ಬರೆದು ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರು. ಡಬ್ಬಿ ಹೆಂಡತಿ ಗೋದಾಬಾಯಿಯವರ ವಶಕ್ಕೆ ಹೋಯಿತು. ರಾಯರು ಊಟ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಆಕೆ ಒಂದು ಕೈಯಲ್ಲಿ ಗುಳಿಗೆ, ಒಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿರುತ್ತಿದ್ದರು. ಏಕಾದಶಿಯಂದು ಮಾತ್ರ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಊಟವಿಲ್ಲ, ಹಾಗಾಗಿ ಗುಳಿಗೆಯೂ ಇಲ್ಲ. ಹದಿನೈದು ದಿನಕ್ಕೊಮ್ಮೆ ತಪ್ಪುವ ಆ ಗುಳಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಜಗಳ ನಡೆದದ್ದೆಲ್ಲ ತುಪ್ಪದ ಮೇಲೆ. ಶ್ರೀಲಕ್ಷ್ಮೀ ಕಡ್ಡಿರಾಂಪುರದ ಒಂದು ಶಾಲೆಯಲ್ಲಿ ಗಣಿತದ ಟೀಚರು. ಮನೆಯಲ್ಲೂ ಚಮಚ ಎಣಿಸುತ್ತಿದ್ದಳು. ಗೋದಾಬಾಯಿ ಎಣಿಸಿ ಬಡಿಸುವವರಲ್ಲ. ಅವರ ಕೈಯ ತೊವ್ವೆಗೆ ತುಪ್ಪ ಧಾರಾಳ. ನಡುವೆ ಮಗ ಪ್ರಾಣೇಶ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ಶಿಫ್ಟ್ ಮುಗಿಸಿ, ಬಸ್ಸಿನಲ್ಲಿ ಗಾದಿಗನೂರು ದಾಟುವ ತನಕ ನಿದ್ದೆ ಮಾಡಿ, ಮನೆ ಹೊಕ್ಕರೆ ಅಡಕತ್ತರಿಗೆ ಸಿಕ್ಕ ಅಡಿಕೆಯಾಗುತ್ತಿದ್ದ.

ಮೇ ತಿಂಗಳಲ್ಲಿ ರಿಪೋರ್ಟ್ ಬಂತು. ನೂರಾ ತೊಂಬತ್ತು ಇದ್ದದ್ದು ತೊಂಬತ್ತೆರಡಕ್ಕೆ ಇಳಿದಿತ್ತು. "ಇನ್ನೂ ಇಳೀಬೇಕು, ಮುಂದುವರಸ್ರಿ. ಮುಂದಿನ ಪರೀಕ್ಷಾ ನವೆಂಬರಿಗೆ," ಎಂದರು ಡಾಕ್ಟರು. ಗೋದಾಬಾಯಿ ಆ ಕಾಗದವನ್ನು ದೇವರ ಮುಂದೆ ಇಟ್ಟು ನಮಸ್ಕಾರ ಮಾಡಿದರು.

"ಹಂಗಾದ್ರ ಇನ್ನೊಂದು ಚಮಚ ತುಪ್ಪ ಹಾಕಬಹುದಲ್ಲ?"

"ಬ್ಯಾಡ ಅತ್ತೆಯವ್ರ. ಗುಳಿಗಿ ಇಳಿಸಿದ್ದನ್ನ ನಾವು ಮತ್ತ ಏರಸೋದು ಬ್ಯಾಡ."

"ನಮ್ಮ ಮಾವನವ್ರು ತೊಂಬತ್ತು ವರ್ಷ ತುಪ್ಪ ಉಂಡೇ ಹೋದ್ರು."

"ಅವರು ದಿನಾ ಕಮಲಾಪುರಕ್ಕ ನಡಕೋತ ಹೋಗಿ ಬರ್ತಿದ್ರಂತ, ನೀವ ಹೇಳೀರಿ."

ಜೂನಿನಲ್ಲಿ ರಾಯರಿಗೆ ಕಾಲಿನ ಮೀನಖಂಡ ಸೆಳೆಯತೊಡಗಿತು. ಪಕ್ಕದ ಮನೆಯ ತಾಯಕ್ಕ ಬಂದು, "ಆ ಗುಳಿಗಿಲಿಂದನ ಆಗಿರತೈತ್ರಿ, ಬಿಟ್ಟುಬಿಡ್ರಿ," ಎಂದಳು. ಬಿಟ್ಟರೇ? ಇಲ್ಲ. ಶ್ರೀಲಕ್ಷ್ಮೀ ಡಾಕ್ಟರಿಗೆ ಫೋನ್ ಮಾಡಿದಳು, ರಕ್ತ ಕೊಟ್ಟು ಬಂದರು, ಎಲ್ಲ ಸರಿಯಿದೆ ಎಂದು ಬಂತು, ಎಂಟು ದಿನದಲ್ಲಿ ನೋವೂ ಹೋಯಿತು. ಇಷ್ಟು ಜಾಗ್ರತೆಯ ಮನೆ ಅದು.

ಆಷಾಢದಲ್ಲಿ ಚಾತುರ್ಮಾಸ್ಯ ಬಂತು. ವ್ರತ ಹಿಡಿಯುವ ಶಯನೀ ಏಕಾದಶಿಗೆ ಆರು ದಿನ ಮುಂಚೆ ಪ್ರಾಣೇಶ ತಿಂಗಳ ಗುಳಿಗೆ ತಂದಿಟ್ಟಿದ್ದ. ನಿವೃತ್ತಿಯಾದಂದಿನಿಂದ ರಾಯರು ಆ ನಾಲ್ಕು ತಿಂಗಳು ಒಪ್ಪತ್ತು ಮಾಡುತ್ತಿದ್ದರು. ಮಧ್ಯಾಹ್ನ ಒಂದು ಊಟ. ರಾತ್ರಿ ಒಂದು ಲೋಟ ಹಾಲು, ಹಾಲು ಬಿಡುವ ತಿಂಗಳಲ್ಲಿ ಬರೀ ನೀರು.

"ಈ ವರ್ಷ ಬ್ಯಾಡ ಮಾವನವ್ರ," ಎಂದಳು ಶ್ರೀಲಕ್ಷ್ಮೀ.

"ವ್ರತಾನ ನಡುವ ಬಿಡಬಾರದವಾ."

"ಡಾಕ್ಟರಿಗೆ ಕೇಳ್ತೀನಿ. ಅವರು ಹೂಂ ಅಂದ್ರ ಮಾಡ್ರಿ."

ಎಲ್ಲರೆದುರೇ ಫೋನ್ ಮಾಡಿದಳು. "ಶುಗರ್ ಏನೂ ಇಲ್ಲ ಅವರಿಗೆ," ಎಂದರು ಡಾಕ್ಟರು. "ರಾತ್ರಿ ಊಟ ಬಿಟ್ರ ತೊಂದ್ರಿ ಇಲ್ಲ. ನೀರು ಚೆನ್ನಾಗಿ ಕುಡೀಲಿ." ರಾಯರು ಗೆದ್ದವರಂತೆ ನಕ್ಕರು. ವ್ರತದ ಬಗ್ಗೆ ಕೇಳಿದ್ದಾಯಿತು, ಉತ್ತರ ಬಂದದ್ದಾಯಿತು. ಗುಳಿಗೆಯ ಮಾತು ಡಾಕ್ಟರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಇಬ್ಬರಿಗೂ ಅದು ಕೇಳುವ ಮಾತೇ ಆಗಿರಲಿಲ್ಲ.

ಏಕಾದಶಿ ಕಳೆದು ದ್ವಾದಶಿಯ ರಾತ್ರಿ ಗೋದಾಬಾಯಿ ರೂಢಿಯಂತೆ ಡಬ್ಬಿ ತೆಗೆದರು.

"ಏನ್ರಿ, ಗುಳಿಗಿ?"

"ಮ್ಯಾಲೆ ಏನು ಬರದದ?"

"ರಾತ್ರಿ ಊಟದ ನಂತರ ಅಂತ."

"ಊಟ ಮಾಡಿದ್ನೇನು?"

"ಎಲ್ಲಿ ಊಟ? ಒಂದು ಲೋಟ ಹಾಲು."

"ಹಾಲು ಊಟ ಅಲ್ಲ. ಬರೇ ಹೊಟ್ಟಿಲೆ ತಗೊಂಡು ಹೊಟ್ಟಿ ಸುಟ್ಕೊಳ್ಳೋದು ಬ್ಯಾಡ. ಉತ್ಥಾನ ದ್ವಾದಶಿಗೆ ವ್ರತ ಮುಗಿದಮ್ಯಾಲೆ ಶುರು ಮಾಡಿದ್ರಾತು. ಏಕಾದಶಿ ದಿನ ಮೊದಲೂ ತಗೊಂತಿದ್ದಿಲ್ಲಲ್ಲ, ರಿಪೋರ್ಟ್ ಛಲೋನ ಬಂತಲ್ಲ?"

"ಅದೂ ಖರೇನ," ಎಂದು ಗೋದಾಬಾಯಿ ಮುಚ್ಚಳ ಹಾಕಿದರು.

ಇದರಲ್ಲಿ ಕಳ್ಳತನವಿಲ್ಲ, ಹಟವಿಲ್ಲ. ಗುಳಿಗೆ ಬಿಟ್ಟೆವು ಎಂದು ಗಂಡನಿಗೂ ಅನಿಸಲಿಲ್ಲ, ಹೆಂಡತಿಗೂ ಅನಿಸಲಿಲ್ಲ. ಚೀಟಿಯನ್ನು ಪಾಲಿಸಿದೆವು ಎಂದೇ ಇಬ್ಬರೂ ನೆಮ್ಮದಿಯಾಗಿ ಮಲಗಿದರು. ಮಧ್ಯಾಹ್ನದ ಗುಳಿಗೆ ಏಕಾದಶಿ ಬಿಟ್ಟರೆ ಒಂದು ದಿನವೂ ತಪ್ಪಲಿಲ್ಲ. ರಾತ್ರಿಯದು ಡಬ್ಬಿಯಲ್ಲೇ ಉಳಿಯಿತು. ಆ ಮನೆಯಲ್ಲಿ ಯಾರಾದರೂ ಒಬ್ಬರು ಸ್ವಲ್ಪ ಅಶಿಸ್ತಿನವರಿದ್ದರೂ ಸಾಕಿತ್ತು.

ವ್ರತದ ಮೊದಲ ತಿಂಗಳು ತರಕಾರಿ ನಿಷಿದ್ಧ. ಹೆಸರುಬೇಳೆ ತೊವ್ವೆ, ಮೆಣಸಿನ ಸಾರು, ಅನ್ನ. ಕಾಯಿಪಲ್ಯೆ ಇಲ್ಲದ ಎಲೆಗೆ ಗೋದಾಬಾಯಿ ತುಪ್ಪದ ಸೌಟು ಹಿಡಿದರು.

"ಒಂದು ಹೊತ್ತು ಉಣ್ಣೋ ಮನುಷ್ಯಾಗ ತುಪ್ಪಾನೂ ಇಲ್ಲಂದ್ರ ಜೀವ ಹೆಂಗ ನಿಲ್ತದ?"

"ರಾತ್ರಿ ಗುಳಿಗಿ ಕೆಳಗ ಎಳೀತದ, ಮಧ್ಯಾಹ್ನ ನೀವು ಮ್ಯಾಲೆ ಎಳೀತೀರಿ. ಮಾವನವರ ಜೀವ ಹಗ್ಗ ಏನ್ರಿ, ಎರಡೂ ಕಡೆ ಎಳಿಯಾಕ?"

"ಅಂದ್ರ ನನ್ನ ಗಂಡನ್ನ ನಾನ ಕೊಲ್ತೀನಿ ಅಂತೀಯೇನು?"

"ಹಂಗ ಎಲ್ಲಿ ಅಂದೆ ನಾನು?"

"ಅಂದಂಗ ಆತು. ಸಾಕು ಬಿಡು."

ಮರುದಿನ ಶ್ರೀಲಕ್ಷ್ಮೀ ತುಪ್ಪದ ಭರಣಿಯನ್ನು ತನ್ನ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ ಶಾಲೆಗೆ ಹೋದಳು. ಮಡಿಯ ಭರಣಿ ಮೈಲಿಗೆಯ ಕಪಾಟು ಸೇರಿದ್ದು ತಿಳಿದು ಗೋದಾಬಾಯಿ ಬಾಗಿಲಿಗೆ ಒರಗಿ ಕೂತು ಅತ್ತರು. ಅಂದಿನಿಂದ ಅತ್ತೆ ಸೊಸೆಗೆ ನೇರ ಮಾತಿಲ್ಲ. "ಪ್ರಾಣೇಶ, ಹಾಲಿನವ ಬರಲಿಲ್ಲಂತ ಹೇಳು," ಎಂದು ಇವರು. "ನಿಮ್ಮಮ್ಮಗ ಹೇಳ್ರಿ, ಗ್ಯಾಸ್ ಬುಕ್ ಮಾಡೀನಿ," ಎಂದು ಅವಳು. ಮಾತು ನಿಂತ ಮನೆಯಲ್ಲಿ ಗುಳಿಗೆಯ ಸುದ್ದಿ ಎಲ್ಲಿಂದ ಹೊರಬೀಳಬೇಕು?

ಹೊರಬೀಳಲು ಒಂದು ಅವಕಾಶ ಬಂದಿತ್ತು. ಆಗಸ್ಟ್ ಮೊದಲ ವಾರ ಪ್ರಾಣೇಶ ಔಷಧಿಗೆ ಹೊರಟಾಗ ಗೋದಾಬಾಯಿ ಕೂಗಿ ಹೇಳಿದರು: "ಮಧ್ಯಾಹ್ನದ್ದು ಅಷ್ಟ ತಾ. ರಾತ್ರಿದು ಇನ್ನೂ ಅವ."

ಮೆಡಿಕಲ್ ಶಾಪಿನ ಹಾಲಸ್ವಾಮಿ ಒಂದು ಜಾತಿಯ ಗುಳಿಗೆ ಕಟ್ಟಿಕೊಟ್ಟು ತಲೆ ಎತ್ತಿ ನೋಡಿದ. "ರಾತ್ರಿದು ಬ್ಯಾಡೇನ್ರಿ ಸರ? ಅದೂ ತೀರಿರಬೇಕಲ್ರಿ?"

"ಮನ್ಯಾಗ ಇನ್ನೂ ಅವಂತ ನೋಡ್ರಿ."

"ಎರಡೂ ಜೊತಿಗೇ ಒಯ್ದಿದ್ರಿ," ಎಂದ ಹಾಲಸ್ವಾಮಿ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಕೆಮ್ಮಿನ ಔಷಧಿ ಕೇಳಿದ. ಪ್ರಾಣೇಶನಿಗೆ ಎರಡನೇ ಶಿಫ್ಟಿನ ಬಸ್ಸಿಗೆ ಹೊತ್ತಾಗಿತ್ತು. ಸೆಪ್ಟೆಂಬರಿನಲ್ಲೂ ಮಧ್ಯಾಹ್ನದ್ದಷ್ಟೇ ತಂದ.

ಅನಂತನ ಚತುರ್ದಶಿಯ ಬೆಳಿಗ್ಗೆ. ರಾಯರು ಸ್ನಾನ ಮಾಡಿ ನಲ್ಲಿಯ ಹತ್ತಿರ ಮಡಿಪಂಚೆ ಹಿಂಡುತ್ತಿದ್ದರು. ಬಲಗೈಯಿಂದ ಪಂಚೆ ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಲು ಹೋದವರು ಎತ್ತಲಾಗದೆ ಅಲ್ಲೇ ಕೂತರು. ಅಡುಗೆಮನೆಯಲ್ಲಿ ಹೂರಣ ಅರೆಯುತ್ತಿದ್ದ ಗೋದಾಬಾಯಿಗೆ ಅವರು ಏನೋ ಕೂಗಿದ್ದು ಕೇಳಿಸಿತು. ಮಾತು ಮಾತ್ರ ತಿಳಿಯಲಿಲ್ಲ.

"ಏನಂದ್ರಿ? ಏನಂದ್ರಿ?" ಎನ್ನುತ್ತಾ ಹೊರಗೆ ಬಂದವರು ಗಂಡನ ಮುಖ ನೋಡಿದರು. ಬಾಯಿ ಸೊಟ್ಟಗಾಗಿತ್ತು. ಹೂರಣದ ಕೈಯಲ್ಲೇ ಸೊಸೆಯ ಕೋಣೆಯ ಬಾಗಿಲು ಬಡಿದರು. "ಲಕ್ಷ್ಮೀ, ಜಲ್ದಿ ಬಾರವಾ." ಒಂದೂವರೆ ತಿಂಗಳ ನಂತರ ಸೊಸೆಗೆ ನೇರ ಆಡಿದ ಮೊದಲ ಮಾತು ಅದು.

ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಈ ಸಲ ಸರಿಹೋಗಲಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಆದಮೇಲೆ ಡಾಕ್ಟರ್ ಭಾರ್ಗವ್, "ಮನ್ಯಾಗಿನ ಔಷಧಿ ಎಲ್ಲಾ ತಗೊಂಡು ಬರ್ರಿ, ಒಂದು ಸಲ ನೋಡ್ತೀನಿ," ಎಂದರು. ಶ್ರೀಲಕ್ಷ್ಮೀ ಮನೆಗೆ ಓಡಿ ಡಬ್ಬಿ ತಂದಳು. ಕಾರಿಡಾರಿನ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತು ಮುಚ್ಚಳ ತೆಗೆದಳು. ಮಧ್ಯಾಹ್ನದ ಗುಳಿಗೆಯ ಶೀಟಿನಲ್ಲಿ ಕೆಲವು ಉಳಿದಿದ್ದವು. ರಾತ್ರಿಯದು ಎರಡು ಶೀಟು ಇಡಿಯಾಗಿದ್ದವು, ಮೂರನೆಯದರಲ್ಲಿ ನಾಲ್ಕು ಉಳಿದಿದ್ದವು. ಶೀಟಿನ ಹಿಂದೆ ಹಾಲಸ್ವಾಮಿ ಪೆನ್ನಿನಲ್ಲಿ ಹಾಕಿದ ತಾರೀಕು ಜುಲೈದು. ಗಣಿತದ ಟೀಚರಿಗೆ ಲೆಕ್ಕ ಹಾಕಲು ಒಂದು ನಿಮಿಷವೂ ಬೇಡವಾಗಿತ್ತು. ಆರು ಗುಳಿಗೆ ಹೋಗಿವೆ. ಆಮೇಲೆ ಅರವತ್ತೆರಡು ರಾತ್ರಿ ಒಂದೂ ಹೋಗಿಲ್ಲ.

"ಅತ್ತೆಯವ್ರ," ಎಂದಳು. "ರಾತ್ರಿ ಗುಳಿಗಿ ಕೊಟ್ಟಿಲ್ಲೇನ್ರಿ?"

"ರಾತ್ರಿ ಊಟಾನ ಇಲ್ಲಲ್ಲವಾ," ಎಂದರು ಗೋದಾಬಾಯಿ, ಇದೇನು ಕೇಳುತ್ತಾಳೆ ಎನ್ನುವಂತೆ. ಮುಚ್ಚಳದ ಮೇಲಿನ ಚೀಟಿ ತೋರಿಸಿದರು. "ನೋಡು, ಬರದದ."

ಡಾಕ್ಟರು ಶೀಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ಈ ಗುಳಿಗಿಗೂ ಊಟಕ್ಕೂ ಸಂಬಂಧ ಇಲ್ರಿ," ಎಂದರು. "ಬರೇ ಹೊಟ್ಟಿಲೆ ತಗೋಬಹುದು. ಬೆಳಿಗ್ಗೆ ತಗೋಬಹುದು, ರಾತ್ರಿ ತಗೋಬಹುದು. ದಿನಾ ಒಂದ ಹೊತ್ತಿಗೆ ತಗೊಂಡ್ರ ಮರಿಯಂಗಿಲ್ಲ ಅಂತ ಊಟದ ನಂತರ ಅಂತ ಬರೀತೀವಿ. ಎಲ್ಲರಿಗೂ ಹಂಗ ಬರೀತೀವಿ."

"ಇದಕ್ಕ ಹಿಂಗಾತೇನ್ರಿ ಡಾಕ್ಟ್ರ?" ಪ್ರಾಣೇಶ ಕೇಳಿದ.

"ಖಾತ್ರಿ ಹೇಳಾಕ ಬರಂಗಿಲ್ಲ. ತಗೊಂಡವರಿಗೂ ಆಗ್ತದ. ಆದ್ರ ಕೊಲೆಸ್ಟ್ರಾಲು ಮತ್ತ ನೂರಾ ಎಪ್ಪತ್ತೆಂಟಕ್ಕ ಹೋಗ್ಯದ. ತಗೊಂಡಿದ್ರ ಅಪಾಯ ಕಡಿಮಿ ಇರ್ತಿತ್ತು. ಇಷ್ಟ ಹೇಳಬಹುದು."

ನಿನ್ನದೇ ತಪ್ಪು ಎಂದಿದ್ದರೆ ಒಬ್ಬರಾದರೂ ತಲೆ ತಗ್ಗಿಸಿ ಹೊತ್ತುಕೊಳ್ಳುತ್ತಿದ್ದರು. ತಪ್ಪಿಲ್ಲ ಎಂದಿದ್ದರೆ ಎಲ್ಲರೂ ಅತ್ತು ಹಗುರಾಗುತ್ತಿದ್ದರು. ಡಾಕ್ಟರು ಎರಡೂ ಹೇಳಲಿಲ್ಲ, ಹೇಳುವಂತಿರಲಿಲ್ಲ. ಅವರೂ ತಮ್ಮ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದರು.

ಆ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೂವರೂ ಜಗಳವಾಡಿದರು.

"ಒಂದು ಮಾತು ಹೇಳಬೇಕಿಲ್ಲೇನ್ರಿ ಅತ್ತೆಯವ್ರ?"

"ಯಾರಿಗೆ ಹೇಳ್ಲಿ? ನೀನು ನನ್ನ ಜೋಡಿ ಮಾತಾಡ್ತಿದ್ದೇನು? ಫೋನ್ ಮಾಡಿ ಎಲ್ಲಾ ಕೇಳ್ದಿ. ಇದೊಂದು ಯಾಕ ಕೇಳಲಿಲ್ಲ?"

ಶ್ರೀಲಕ್ಷ್ಮೀ ಗಂಡನ ಕಡೆ ತಿರುಗಿದಳು. "ನೀವು ತಿಂಗಳಾ ತಿಂಗಳಾ ಅಂಗಡಿಗೆ ಹೋಗ್ತಿದ್ರಿ. ರಾತ್ರಿದು ಯಾಕ ತೀರವಲ್ದು ಅಂತ ನಿಮಗಾದ್ರೂ ಅನಿಸಲಿಲ್ಲೇನು?"

"ಹಾಲಸ್ವಾಮಿ ಕೇಳಿದ್ದ," ಎಂದ ಪ್ರಾಣೇಶ. "ನನಗ ಬಸ್ಸಿಗೆ ಹೊತ್ತಾಗಿತ್ತು." ಹಾಗೆ ಹೇಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಫಲವಿಲ್ಲವೆಂದು ಚಿಂತೆ ಬಿಟ್ಟವರನ್ನು ನಾನಂತೂ ನೋಡಿಲ್ಲ.

ಎಂಟು ದಿನಕ್ಕೆ ರಾಯರನ್ನು ಮನೆಗೆ ತಂದರು. ಬಲಗೈಗೆ ಸ್ವಾಧೀನವಿಲ್ಲ, ಮಾತಿಲ್ಲ. ನುಂಗಲು ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ನೋಡಿದ್ದರು; ಎತ್ತಿ ಕೂರಿಸಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಬಿಡುಗಡೆಯ ಕಾಗದದಲ್ಲಿ ಮತ್ತೆ 'ರಾತ್ರಿ ಊಟದ ನಂತರ' ಎಂದು ಅಚ್ಚಾಗಿತ್ತು. ಶ್ರೀಲಕ್ಷ್ಮೀ ಕೌಂಟರಿನಿಂದ ವಾಪಸ್ಸು ಹೋಗಿ ಡಾಕ್ಟರ ಮುಂದೆ ಕಾಗದ ಹಿಡಿದು ನಿಂತಳು. ಅವರು ಆ ಸಾಲನ್ನು ಹೊಡೆದುಹಾಕಿ, 'ದಿನಕ್ಕೊಂದು. ಊಟ ಮಾಡಲಿ, ಬಿಡಲಿ' ಎಂದು ಕೈಯಲ್ಲಿ ಬರೆದು ಸಹಿ ಹಾಕಿದರು.

ಡಬ್ಬಿಯ ಮೇಲಿನ ಹಳೆ ಚೀಟಿ ಕೀಳಲು ಮಾತ್ರ ಯಾರಿಗೂ ಕೈ ಬರಲಿಲ್ಲ. ಆ ಅಕ್ಷರ ಬರೆದ ಕೈ ಈಗ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಮನೆಗೆ ಬಂದ ನಾಲ್ಕನೇ ದಿನ ಏಕಾದಶಿ. ಶ್ರೀಲಕ್ಷ್ಮೀ ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗಲೇ ಮೂಗಿಗೆ ಅನ್ನ ಬೇಯುವ ವಾಸನೆ ಬಡಿಯಿತು. ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಏಕಾದಶಿಯ ದಿನ ಆ ಅಡುಗೆಮನೆಯಿಂದ ಅನ್ನದ ವಾಸನೆ ಬಂದದ್ದೇ ಇಲ್ಲ. ಒಳಗೆ ಹೋಗಿ ನೋಡಿದಳು. ಗೋದಾಬಾಯಿ ಮೆತ್ತಗೆ ಬೆಂದ ಅನ್ನವನ್ನು ಸೌಟಿನ ಹಿಂಬದಿಯಿಂದ ನುರಿಯುತ್ತಿದ್ದರು. ಅವರು ಬೆಳಗಿನಿಂದ ಹನಿ ನೀರೂ ಕುಡಿದಿರಲಿಲ್ಲ.

"ಅತ್ತೆಯವ್ರ, ಇವತ್ತು ಏಕಾದಶಿ."

"ಗೊತ್ತದ."

"ಗುಳಿಗಿಗೆ ಊಟ ಬೇಕಾಗಿಲ್ಲ ಅಂತ ಬರಸ್ಕೊಂಡು ಬಂದೀನಲ್ರಿ. ಮಾವನವರಿಗೆ ಒಂದಿಷ್ಟು ಹಣ್ಣಿನ ರಸ ಕೊಟ್ರಾತು."

"ಮೊದಲೂ ಅವರ ಬರದಿದ್ರು, ಈಗೂ ಅವರ ಬರದಾರ. ನನಗ ಯಾವ ಚೀಟಿ ಮ್ಯಾಲೂ ನಂಬಿಕಿ ಇಲ್ಲ. ಊಟಾನೂ ಮಾಡಸ್ತೀನಿ, ಗುಳಿಗಿನೂ ಕೊಡ್ತೀನಿ. ಪಾಪ ಬಂದ್ರ ನನಗ ಬರ್ಲಿ."

ಪ್ರಾಣೇಶ ತಂದೆಯನ್ನು ಎತ್ತಿ ದಿಂಬಿಗೆ ಒರಗಿಸಿ ಕೂರಿಸಿದ. ಗೋದಾಬಾಯಿ ಬಟ್ಟಲು ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂತು ಒಂದು ಚಮಚ ಅನ್ನ ಬಾಯಿಯ ಹತ್ತಿರ ತಂದರು. ರಾಯರು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ನೋಡಿದರು, ಆಮೇಲೆ ಚಮಚ ನೋಡಿದರು. ತುಟಿ ಬಿಗಿದರು.

"ಬಾಯಿ ತೆಗೀರಿ."

ತೆಗೆಯಲಿಲ್ಲ.

"ನಿಮ್ಮ ಕೈ ಮುಗೀತೀನ್ರಿ. ಇದೊಂದು ದಿನ. ತಪ್ಪು ನಂದದ, ಬಾಯಿ ತೆಗೀರಿ."

ಸೊಟ್ಟಗಾದ ತುಟಿಯ ಮೇಲೆ ಅನ್ನ ಹತ್ತಿ ಗದ್ದಕ್ಕೆ ಇಳಿಯಿತು. ರಾಯರು ಎಡಗೈಯಿಂದ ಅದನ್ನು ಒರೆಸಿ ಮುಖ ಗೋಡೆಯ ಕಡೆ ತಿರುಗಿಸಿದರು. ಮಾತು ಹೋಗಿತ್ತು, ಕೈ ಹೋಗಿತ್ತು. ತಿಥಿ ಮಾತ್ರ ಹೋಗಿರಲಿಲ್ಲ. ಗೋದಾಬಾಯಿ ಇನ್ನೊಂದು ಚಮಚ ತೆಗೆದುಕೊಂಡರು. ಅದೂ ಹೊದಿಕೆಯ ಮೇಲೆ ಚೆಲ್ಲಿತು.

ಶ್ರೀಲಕ್ಷ್ಮೀ ಕಾಲು ತೊಳೆದು ಬಂದು ದೇವರ ಮನೆಯ ಹೊಸ್ತಿಲಲ್ಲಿ ನಿಂತಳು. "ನೀವ ತಂದುಕೊಡ್ರಿ ಅತ್ತೆಯವ್ರ, ತೀರ್ಥದ ಪಾತ್ರಿ. ಮಡಿಯಿಲ್ಲ, ನಾ ಮುಟ್ಟಂಗಿಲ್ಲ."

ಗೋದಾಬಾಯಿ ಎದ್ದು ತಂದರು. ಶ್ರೀಲಕ್ಷ್ಮೀ ಡಬ್ಬಿಯಿಂದ ಒಂದು ಗುಳಿಗೆ ಬಿಡಿಸಿ ಅತ್ತೆಯ ಅಂಗೈಯಲ್ಲಿಟ್ಟಳು. ಪ್ರಾಣೇಶ ತಂದೆಯ ಕತ್ತಿನ ಹಿಂದೆ ಕೈ ಕೊಟ್ಟು ಹಿಡಿದ.

ಗುಳಿಗೆ ಕಂಡು ರಾಯರು ತಾವಾಗಿಯೇ ಬಾಯಿ ತೆರೆದರು. ಗೋದಾಬಾಯಿ ಅದನ್ನು ನಾಲಿಗೆಯ ಮೇಲಿಟ್ಟು ತೀರ್ಥ ಕೊಡುವ ಪುಟ್ಟ ಚಮಚ, ಉದ್ಧರಣೆಯಿಂದ ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ ನೀರು ಬಿಟ್ಟರು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಗುಳಿಗೆ ಇಳಿಯಿತು.

ಗೋದಾಬಾಯಿ ಕೈಯಲ್ಲಿದ್ದ ಬೆಳ್ಳಿಯ ಉದ್ಧರಣೆಯನ್ನು ನೋಡಿದರು. ನಲವತ್ತೆರಡು ವರ್ಷ ದಿನಾ ತೊಳೆದಿಟ್ಟ ಉದ್ಧರಣೆ ಅದು.

"ಇಷ್ಟ ಏನು ಲಕ್ಷ್ಮೀ?" ಎಂದರು. "ಇಷ್ಟ ನೀರು ಸಾಕಿತ್ತೇನು?"

ಶ್ರೀಲಕ್ಷ್ಮೀ ಹೊದಿಕೆಯ ಮೇಲೆ ಚೆಲ್ಲಿದ ಅನ್ನ ಬಳಿದಳು. ಬಟ್ಟಲಿನಲ್ಲಿ ಅನ್ನ ಆರುತ್ತಿತ್ತು. ಆ ದಿನ ಆ ಮನೆಯಲ್ಲಿ ಅದನ್ನು ಉಣ್ಣುವವರು ಯಾರೂ ಇರಲಿಲ್ಲ.